ಬರುವುದಿಲ್ಲ ಎನ್ನುವ ಅಜ್ಜ

ಪ್ರಳಯದ ಸಿನಿಮಾ ಯಾವ ದೇಶದ್ದೇ ಇರಲಿ, ಅದರಲ್ಲೊಬ್ಬ ಅಜ್ಜ ಇರುತ್ತಾನೆ. ನೆರೆ ಬರಲಿ, ಬೆಂಕಿ ಬೀಳಲಿ, ಸಮುದ್ರದಿಂದ ರಾಕ್ಷಸ ಪ್ರಾಣಿಯೇ ಎದ್ದು ಬರಲಿ, ಊರವರೆಲ್ಲ ಗಂಟುಮೂಟೆ ಕಟ್ಟುವಾಗ ಇವನು ಮಾತ್ರ ಜಗಲಿಯಲ್ಲಿ ಕೂತಿರುತ್ತಾನೆ. ಮಗ ಕರೆಯುತ್ತಾನೆ, ಸೊಸೆ ಕರೆಯುತ್ತಾಳೆ, ಸರ್ಕಾರದವರೂ ಕರೆಯುತ್ತಾರೆ. ‘ನೀವು ಹೋಗಿ, ನಾನು ಬರುವುದಿಲ್ಲ’ ಎನ್ನುತ್ತಾನೆ. ಅಲ್ಲಿಗೆ ಅವನ ಮಾತು ಮುಗಿಯಿತು. ಬಹಳ ಸಲ ಇಂಟರ್‌ವಲ್ಲಿನ ಹೊತ್ತಿಗೆ ಅವನೂ ಮುಗಿದಿರುತ್ತಾನೆ. ಪೋಸ್ಟರಿನಲ್ಲಿ ಅವನ ಮುಖವಿಲ್ಲ, ಅವನಿಗೊಂದು ಹಾಡಿಲ್ಲ. ತೆರೆಯ ಮೇಲೆ ಅವನ ಹೆಸರು ಬರುವಾಗ ನಾವು ಕತ್ತಲಲ್ಲಿ ಸೀಟು ತಡಕುತ್ತಿರುತ್ತೇವೆ. ಆದರೂ ಮನೆಗೆ ಬಂದು ಊಟಕ್ಕೆ ಕೂತರೆ ನೆನಪಾಗುವವನು ಅವನೇ. ಹೀರೋ ಓಡಿದ್ದು, ಈಜಿದ್ದು, ನಾಯಕಿಯನ್ನು ಎತ್ತಿಕೊಂಡು ಬಂದದ್ದು ಎಲ್ಲ ಒಂದರೊಳಗೊಂದು ಕಲಸಿಹೋಗಿರುತ್ತದೆ.

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯವರಾದ ನಮಗೆ ಈ ಅಜ್ಜ ಸಿನಿಮಾದಿಂದ ಪರಿಚಯವಾದವನಲ್ಲ. ಶರಾವತಿ ಹುಟ್ಟುವುದು ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ. ಹೊಸನಗರವನ್ನು ಹಾದು ಸಾಗರದ ಸೀಮೆಗೆ ಬರುವ ಹೊಳೆಗೆ 1964ರಲ್ಲಿ ಲಿಂಗನಮಕ್ಕಿಯಲ್ಲಿ ಅಡ್ಡಕಟ್ಟು ಬಿತ್ತು. ಅದಕ್ಕೆ ಹದಿನಾರು ವರ್ಷ ಮೊದಲೇ, 1948ರ ಹೊತ್ತಿಗೆ, ಹಿರೇಭಾಸ್ಕರ ಅಣೆಕಟ್ಟು ಎದ್ದಿತ್ತು. ಅದಕ್ಕಾಗಿ ಒಂದಷ್ಟು ಊರು ಎದ್ದುಹೋಗಿದ್ದವು. ಲಿಂಗನಮಕ್ಕಿಯ ನೀರು ಏರಿದಾಗ ಹಿರೇಭಾಸ್ಕರವೂ ಮುಳುಗಿತು. ಮುಳುಗಿಸಲು ಬಂದದ್ದನ್ನೇ ಮುಳುಗಿಸಿದ ಈ ಕತೆಯನ್ನು ಯಾವ ಚಿತ್ರಕತೆಗಾರ ಬರೆದರೂ ‘ಅತಿಯಾಯಿತು’ ಎಂದು ನಿರ್ಮಾಪಕರು ಹೊಡೆದುಹಾಕುತ್ತಿದ್ದರು. ಬರ ಬಿದ್ದ ವರ್ಷ ಹಿನ್ನೀರು ಇಳಿದಾಗ ಆ ಹಳೇ ಅಣೆಕಟ್ಟು ಮೈ ತೋರಿಸುತ್ತದೆ, ನೋಡಲು ಜನ ಬುತ್ತಿ ಕಟ್ಟಿಕೊಂಡು ಹೋಗುತ್ತಾರೆ. ಜಲಾಶಯದ ಪೂರ್ಣ ಮಟ್ಟ 1819 ಅಡಿ ಎಂಬುದು ನಮ್ಮ ಕಡೆ ಮಕ್ಕಳಿಗೂ ಬಾಯಿಪಾಠ. ಮಳೆಗಾಲದಲ್ಲಿ ಇಬ್ಬರು ಎದುರಾದರೆ ಉಭಯಕುಶಲೋಪರಿಗಿಂತ ಮೊದಲು ಬರುವ ಪ್ರಶ್ನೆ ‘ಲೆವೆಲ್ ಎಷ್ಟಾಯ್ತು ಮಾರಾಯ್ರೆ?’

ಆ ನೀರಿನಡಿ ಹೋದ ಮನೆಗಳಲ್ಲಿ ನಮ್ಮದೂ ಒಂದು. ನಾನು ಅದನ್ನು ಕಂಡವನಲ್ಲ. ಅಪ್ಪಯ್ಯ ಹೇಳಿದ್ದನ್ನು ಎಷ್ಟು ಸಲ ಕೇಳಿದ್ದೇನೆಂದರೆ, ಆ ಜಗಲಿಯ ಯಾವ ಮುಂಡಿಗೆಗೆ ಯಾರು ಒರಗಿ ಕೂರುತ್ತಿದ್ದರು ಎಂಬುದನ್ನು ನಾನೂ ಹೇಳಬಲ್ಲೆ. ಹೊರಡುವ ದಿನ ಹತ್ತಿರ ಬಂದಾಗ ಮನೆಯನ್ನು ಬಿಚ್ಚತೊಡಗಿದರಂತೆ. ಮೊದಲು ಹೆಂಚು ಇಳಿಸಿದರು. ಆಮೇಲೆ ರೀಪು, ಪಕಾಸಿ, ಬಾಗಿಲು, ದಾರಂದ. ಮನೆ ಒಂದೊಂದೇ ಕಡೆಯಿಂದ ಲಾರಿ ಹತ್ತುತ್ತಿದ್ದರೆ ಅಜ್ಜ ಮಾತ್ರ ತನ್ನ ಜಾಗದಲ್ಲಿ ಕವಳದ ತಟ್ಟೆ ಇಟ್ಟುಕೊಂಡು ಅಡಿಕೆ ಕತ್ತರಿಸುತ್ತಿದ್ದನಂತೆ. ತಲೆಯ ಮೇಲೆ ಆಕಾಶ, ಹಿಂದೆ ಗೋಡೆಯಿಲ್ಲ, ಕಾಲ ಕೆಳಗೆ ಸಗಣಿ ಸಾರಿಸಿದ ಜಗಲಿ ಮಾತ್ರ ಅಚ್ಚುಕಟ್ಟಾಗಿದೆ. ‘ಏಳಿ ಅಪ್ಪಯ್ಯ’ ಎಂದರೆ ‘ನಾ ಬರದಿಲ್ಲ’. ಊರ ಹಿರಿಯರು ಬಂದು ಹೇಳಿದರು, ಪರಿಹಾರದ ಕಾಗದ ಹಿಡಿದ ಅಮೀನರು ಬಂದು ಹೇಳಿದರು. ‘ನಾ ಬರದಿಲ್ಲ.’

ಸಿನಿಮಾ ಆಗಿದ್ದರೆ ಇಲ್ಲಿಗೆ ಮಳೆ ಜೋರಾಗಬೇಕು, ಅಜ್ಜನ ಮುಖದ ಮೇಲೆ ಕ್ಯಾಮೆರಾ ನಿಲ್ಲಬೇಕು. ನಮ್ಮ ಮನೆಯಲ್ಲಿ ಆದದ್ದು ಬೇರೆ. ಕೊನೆಯ ಲಾರಿಗೆ ದನ ಹತ್ತಿಸಬೇಕಿತ್ತು. ಹಲಗೆ ಇಟ್ಟರು, ಹಗ್ಗ ಹಾಕಿದರು, ಹಿಂದಿನಿಂದ ನೂಕಿದರು. ಕೊಟ್ಟಿಗೆಯ ಹಿರೀ ದನ ನಾಲ್ಕೂ ಕಾಲು ಊರಿ ನಿಂತುಬಿಟ್ಟಿತು. ಅದು ಅಜ್ಜನ ಕೈಯ ದನ. ಬೇರೆಯವರು ಹಾಲು ಕರೆಯಲು ಕೂತರೆ ಒದೆಯುತ್ತಿತ್ತು. ಲಾರಿಯವನು ಹಾರನ್ ಮಾಡತೊಡಗಿದ. ಅಜ್ಜ ಸ್ವಲ್ಪ ಹೊತ್ತು ನೋಡಿದ, ಕವಳ ಉಗಿದ, ಎದ್ದ, ‘ನಿಮ್ಮ ಕೈಲಿ ಒಂದು ದನ ಹತ್ಸಕ್ಕೂ ಆಗದಿಲ್ಲ’ ಎಂದು ಬೈಯುತ್ತ ಹಲಗೆ ಹತ್ತಿ ಮುಂದೆ ಹೋದ. ದನ ಹಿಂದೆ ಹತ್ತಿತು. ಹಿಂದಿನ ಪಟ್ಟಿ ಹಾಕಿ ಲಾರಿ ಹೊರಟಿತು. ಅಜ್ಜ ಇಳಿಯಲೂ ಇಲ್ಲ, ಇಳಿಸಿ ಎನ್ನಲೂ ಇಲ್ಲ.

ಮುಳುಗಡೆಯ ಈ ಅಜ್ಜಂದಿರನ್ನು ಹತ್ತಿರದಿಂದ ಕಂಡು ಬರೆದವರು ಸಾಗರದ ನಾ. ಡಿಸೋಜ. 1937ರಲ್ಲಿ ಹುಟ್ಟಿದ ಅವರು ಲೋಕೋಪಯೋಗಿ ಇಲಾಖೆಯಲ್ಲಿ ನೌಕರಿ ಮಾಡಿದವರು. ಅಣೆಕಟ್ಟು ಕಟ್ಟುವವರ ಲೆಕ್ಕವೂ ಬಿಟ್ಟುಹೋಗುವವರ ಸಂಕಟವೂ ಗೊತ್ತಿದ್ದ ಲೇಖಕರು ನಮ್ಮಲ್ಲಿ ಕಡಿಮೆ. ‘ಮುಳುಗಡೆ’, ‘ದ್ವೀಪ’ ಕಾದಂಬರಿಗಳು ಹಾಗೆ ಬಂದವು. 2025ರ ಜನವರಿಯಲ್ಲಿ ಅವರು ತೀರಿಕೊಂಡಾಗ ಹಿನ್ನೀರಿನ ಊರುಗಳಲ್ಲಿ ಕಾದಂಬರಿ ಓದದವರೂ ‘ನಮ್ಮ ಕತೆ ಬರೆದವರು ಹೋದರು’ ಎಂದರು. ‘ದ್ವೀಪ’ವನ್ನು 2002ರಲ್ಲಿ ತೆರೆಗೆ ತಂದವರು ಗಿರೀಶ ಕಾಸರವಳ್ಳಿ. ಅವರು ತೀರ್ಥಹಳ್ಳಿ ತಾಲ್ಲೂಕಿನ ಕೆಸಲೂರಿನವರು. ನಿರ್ಮಾಪಕಿಯೂ ನಾಯಕಿ ನಾಗಿಯೂ ಆಗಿ ಸೌಂದರ್ಯ, ಗಂಡ ಗಣಪನಾಗಿ ಅವಿನಾಶ್. ಸ್ವರ್ಣಕಮಲ ಬಂತು, ಮಳೆಯನ್ನು ಮಳೆಯ ಹಾಗೇ ತೋರಿಸಿದ ಎಚ್.ಎಂ. ರಾಮಚಂದ್ರ ಅವರ ಛಾಯಾಗ್ರಹಣಕ್ಕೂ ರಾಷ್ಟ್ರಪ್ರಶಸ್ತಿ ಬಂತು. ಏರುವ ನೀರಿನ ನಡುವೆ ಮನೆ ಉಳಿಸುವುದು ನಾಗಿ, ಕೊನೆಗೆ ಗಂಡ ಕೈಮುಗಿಯುವುದು ದೇವರಿಗೆ. ಈ ಒಂದು ಏಟಿಗಾಗಿಯೇ ಅದನ್ನು ಮತ್ತೆ ಮತ್ತೆ ನೋಡಬಹುದು.

ಆದರೆ ನಾನು ನೋಡಿದ್ದು ದುಗ್ಗಜ್ಜನಿಗಾಗಿ. ಸೀತಾಪರ್ವತದ ನೇಮ ನಡೆಸುವ ಮನೆತನದ ಮುದುಕ ಅವನು. ಆ ಪಾತ್ರ ಮಾಡಿದವರು ಎಂ.ವಿ. ವಾಸುದೇವರಾವ್. ಟೀವಿಯಲ್ಲಿ ಸಿನಿಮಾ ಬಂದಾಗ ಅಪ್ಪಯ್ಯನೂ ಪಕ್ಕದಲ್ಲಿ ಕೂತಿದ್ದ. ದುಗ್ಗಜ್ಜ ಗುಡ್ಡ ಬಿಡಲು ಒಲ್ಲದಿರುವುದನ್ನು ನೋಡಿ, ‘ಇವ ನಮ್ಮಪ್ಪಯ್ಯನಿಗಿಂತ ಚೊಲೋ ಹಟ ಮಾಡ್ತಾನೆ’ ಎಂದ. ಅಷ್ಟರಲ್ಲಿ ಕರೆಂಟು ಹೋಯಿತು. ನಾಡಿಗೆಲ್ಲ ಬೆಳಕು ಕೊಡಲು ಮನೆಮಠ ಬಿಟ್ಟವರ ಸಿನಿಮಾವನ್ನು, ಹಾಗೆ ಬಿಟ್ಟವರ ಮನೆಯಲ್ಲೇ ಪೂರ್ತಿ ನೋಡಲಾಗದ ದೀಪದ ಬುಡದ ಕತ್ತಲೆಗೆ ನಾವೆಲ್ಲ ಎಷ್ಟು ಒಗ್ಗಿಹೋಗಿದ್ದೆವೆಂದರೆ ಯಾರೂ ನಗಲಿಲ್ಲ. ಅಮ್ಮ ಎದ್ದು ಲಾಟೀನು ಹಚ್ಚಿದಳು.

ವಾಸುದೇವರಾವ್ ಎಂದರೆ ಚೋಮ. 1975ರಲ್ಲಿ ಬಿ.ವಿ. ಕಾರಂತರು ಶಿವರಾಮ ಕಾರಂತರ ‘ಚೋಮನ ದುಡಿ’ಯನ್ನು ಸಿನಿಮಾ ಮಾಡಿದಾಗ, ಉಳಲು ಒಂದು ತುಂಡು ನೆಲ ಬೇಕೆಂದು ಜೀವಮಾನವಿಡೀ ಕನಸಿ ಸೋತವನ ಪಾತ್ರಕ್ಕೆ ಅವರಿಗೆ ಶ್ರೇಷ್ಠ ನಟ ರಾಷ್ಟ್ರಪ್ರಶಸ್ತಿ ಬಂತು. ಎರಡು ವರ್ಷಕ್ಕೆ ಮೃಣಾಲ್ ಸೇನರು ಅವರನ್ನು ತೆಲುಗಿಗೆ ಕರೆದೊಯ್ದು, ಪ್ರೇಮಚಂದರ ಕತೆಯಿಂದ ಮಾಡಿದ ‘ಒಕ ಊರಿ ಕಥಾ’ದಲ್ಲಿ ವೆಂಕಯ್ಯನನ್ನಾಗಿ ಮಾಡಿದರು. ಆಮೇಲೆ? ಮತ್ತೆ ಅಜ್ಜ, ಅರ್ಚಕ, ಆಳು, ಊರಿನ ಹಿರಿಯ. ದೇಶದ ಶ್ರೇಷ್ಠ ನಟನೆಂದು ಸರ್ಕಾರವೇ ಒಪ್ಪಿದ ಮನುಷ್ಯ, ಉಳಿದ ಕಾಲವೆಲ್ಲ ಬೇರೆಯವರ ಕತೆಯ ಜಗಲಿಯಲ್ಲಿ ಕೂತು ಎರಡು ಮಾತಾಡಿ ಏಳುತ್ತಿದ್ದರು. ‘ದ್ವೀಪ’ ಅವರ ಕೊನೆಯ ಚಿತ್ರಗಳಲ್ಲೊಂದು. ಅದೇ 2002ರಲ್ಲಿ ಅವರು ತೀರಿಕೊಂಡರು. ನೆಲ ಸಿಗದ ಚೋಮನಿಂದ ನೆಲ ಬಿಡದ ದುಗ್ಗಜ್ಜನವರೆಗೆ ಅವರ ದಾರಿ. ನಡುವಿನ ಇಪ್ಪತ್ತೇಳು ವರ್ಷದ ಸಣ್ಣಪುಟ್ಟ ಪಾತ್ರಗಳನ್ನು ಯಾರೂ ಪಟ್ಟಿ ಮಾಡಿ ಹೊಗಳುವುದಿಲ್ಲ.

ಇಂಥದೇ ಇನ್ನೊಬ್ಬ ಅಜ್ಜ ನನಗೆ ಸಿಕ್ಕಿದ್ದು ಜಪಾನಿನಲ್ಲಿ, ಅಂದರೆ ಮಗನ ಲ್ಯಾಪ್‌ಟಾಪಿನಲ್ಲಿ. ಕುರೊಸಾವಾನ ‘ಸೆವೆನ್ ಸಮುರಾಯ್’ ಬಂದದ್ದು 1954ರ ಏಪ್ರಿಲ್‌ನಲ್ಲಿ. ಅದರಲ್ಲಿ ಊರ ಹಿರಿಯ ಗಿಸಾಕು ಹೊಳೆಯಾಚೆ ನೀರಿನ ಗಿರಣಿಯಲ್ಲಿ ಒಬ್ಬನೇ ಇರುತ್ತಾನೆ. ಡಕಾಯಿತರು ಬರುತ್ತಾರೆ, ಈಚೆಗೆ ಬಾ ಎಂದರೆ ಬರುವುದಿಲ್ಲ. ಗಿರಣಿಗೆ ಬೆಂಕಿ ಬೀಳುತ್ತದೆ. ಕರೆತರಲು ಹೋದ ಮಗ, ಸೊಸೆಯೂ ಉಳಿಯುವುದಿಲ್ಲ, ಕೂಸೊಂದು ಮಾತ್ರ ಸಮುರಾಯ್‌ಗಳ ಕೈ ಸೇರುತ್ತದೆ. ಮೂರು ಗಂಟೆ ದಾಟುವ ಸಿನಿಮಾದಲ್ಲಿ ಆ ಮುದುಕನಿಗೆ ಸಿಗುವುದು ಕೆಲವೇ ನಿಮಿಷ. ಮಾಡಿದವನು ಕೊಕುಟೆನ್ ಕೊಡೊ. ಈ ಮುಖ ಎಲ್ಲೋ ನೋಡಿದ್ದೇನಲ್ಲ ಎಂದು ಕೆದಕಿದರೆ ಅದೇ ವರ್ಷದ ನವೆಂಬರಿನ ‘ಗಾಡ್ಜಿಲ್ಲಾ’ದಲ್ಲೂ ಅವನೇ. ಒಡೊ ಎಂಬ ದ್ವೀಪದ ಮುದಿ ಮೀನುಗಾರ. ಮೀನು ಸಿಗದಿದ್ದಾಗ ‘ಇದು ಗಾಡ್ಜಿಲ್ಲಾನದೇ ಕೆಲಸ’ ಎನ್ನುತ್ತಾನೆ, ಎಳೆಯರು ನಗುತ್ತಾರೆ. ಹಿಂದೆಲ್ಲ ಅದನ್ನು ಶಾಂತಗೊಳಿಸಲು ಹುಡುಗಿಯರನ್ನು ಸಮುದ್ರಕ್ಕೆ ಬಲಿ ಕೊಡುತ್ತಿದ್ದರು, ಈಗ ಉಳಿದಿರುವುದು ಈ ಕುಣಿತವೊಂದೇ ಎಂದು ಕಗುರಾ ನಡೆಯುವಾಗ ಪತ್ರಕರ್ತನಿಗೆ ಹೇಳುತ್ತಾನೆ. ಸೀತಾಪರ್ವತದ ನೇಮವೂ ಒಡೊ ದ್ವೀಪದ ಕಗುರಾವೂ ಎಷ್ಟು ಹತ್ತಿರ! ಆ ವರ್ಷವೇ ಹೈಡ್ರೋಜನ್ ಬಾಂಬು ಪರೀಕ್ಷೆಯ ಬೂದಿ ಜಪಾನಿನ ಮೀನುಗಾರರ ದೋಣಿಯೊಂದರ ಮೇಲೆ ಬಿದ್ದಿತ್ತು. ನಮಗೆ ಅಣೆಕಟ್ಟು, ಅವರಿಗೆ ಬಾಂಬು. ಎರಡೂ ಕಡೆ ಮೊದಲು ಗೊತ್ತಾದದ್ದು ಅಜ್ಜನಿಗೆ, ನಂಬದವರು ಉಳಿದವರೆಲ್ಲ.

ಅದೇ ‘ಗಾಡ್ಜಿಲ್ಲಾ’ದಲ್ಲಿ ವಿಜ್ಞಾನಿ ಯಮಾನೆಯಾಗಿರುವ ತಕಾಶಿ ಶಿಮುರಾನದು ಇನ್ನೊಂದು ಬಗೆ. 1952ರ ‘ಇಕಿರು’ವಿನಲ್ಲಿ ಇಡೀ ಸಿನಿಮಾ ಹೊತ್ತವನು, ‘ಸೆವೆನ್ ಸಮುರಾಯ್’ನಲ್ಲಿ ಏಳೂ ಜನರ ಮುಂದಾಳು. ಆಮೇಲೆ ರಾಕ್ಷಸ ಪ್ರಾಣಿಗಳ ಸಿನಿಮಾಗಳು ಸಾಲುಸಾಲಾಗಿ ಬಂದಾಗ ಅವುಗಳಲ್ಲಿ ಸಣ್ಣ ಸಣ್ಣ ಪಾತ್ರ ಮಾಡಿದ. 1961ರ ‘ಮೊಥ್ರಾ’ದಲ್ಲಿ ಪತ್ರಿಕೆಯ ಸಂಪಾದಕ. ದೈತ್ಯ ಪತಂಗವೊಂದು ಊರು ಹಾಳುಮಾಡುವ ಕತೆಯಲ್ಲಿ ಮೇಜಿನ ಹಿಂದೆ ನಿಂತು ಮಾತಾಡುವುದು ಎಂಥ ನಟನಿಗೂ ಮುಜುಗರದ ಕೆಲಸವೇ. ಶಿಮುರಾನ ಮುಖದಲ್ಲಿ ಅದು ಕಾಣುವುದಿಲ್ಲ. ಅವನು ನಂಬಿ ನಿಂತಿದ್ದರಿಂದ ನಾವೂ ಪತಂಗವನ್ನು ನಂಬುತ್ತೇವೆ. ಪ್ರಳಯವನ್ನು ನಿಜ ಮಾಡುವವರು ಇಂಥವರು. ಹೀರೋ ಹೇಗೂ ಬದುಕುತ್ತಾನೆಂದು ಟಿಕೆಟ್ ಕೊಂಡಾಗಲೇ ಗೊತ್ತಿರುತ್ತದೆ. ಹೋಗುವುದು ಏನು ಎಂದು ತೋರಿಸಬೇಕಾದವನು ಸಣ್ಣ ಪಾತ್ರದವನು.

ಹೆಗ್ಗೋಡಿನ ನೀನಾಸಮ್ ಈ ವಿದ್ಯೆಯನ್ನು ನಮ್ಮ ಪಕ್ಕದಲ್ಲೇ ಕಲಿಸುತ್ತ ಬಂದಿದೆ. 1949ರಲ್ಲಿ ಹುಟ್ಟಿದ ಸಂಘ, ಕೆ.ವಿ. ಸುಬ್ಬಣ್ಣನವರ ಕಾಲದಲ್ಲಿ 1973ಕ್ಕೆ ಚಿತ್ರಸಮಾಜ, 1980ಕ್ಕೆ ರಂಗಶಿಕ್ಷಣ ಕೇಂದ್ರ, 1985ಕ್ಕೆ ತಿರುಗಾಟ ಎಂದು ಬೆಳೆಯಿತು. ಕುರೊಸಾವಾನ ‘ರಶೋಮನ್’ ಎಂಬ ಹೆಸರನ್ನು ಅಡಿಕೆ ಸುಲಿಯುವ ಚಪ್ಪರದಲ್ಲಿ ನಾನು ಮೊದಲು ಕೇಳಿದ್ದು ಆ ಚಿತ್ರಸಮಾಜದ ದೆಸೆಯಿಂದ. ತಿರುಗಾಟದಲ್ಲಿ ಹಿಂದಿನ ರಾತ್ರಿ ರಾಜನಾಗಿ ಮೆರೆದವನು ಆಟ ಮುಗಿದ ಮೇಲೆ ಸೆಟ್ಟಿನ ಹಲಗೆ ಹೊತ್ತು ಲಾರಿಗೆ ತುಂಬುತ್ತಾನೆ, ಮರುದಿನ ಬೇರೆ ನಾಟಕದಲ್ಲಿ ಬಾಗಿಲು ಕಾಯುತ್ತಾನೆ. ಅಲ್ಲಿ ಕಲಿತ ತಿಪಟೂರಿನ ಅಚ್ಯುತ್ ಕುಮಾರ್ ಇವತ್ತು ಕನ್ನಡ ಸಿನಿಮಾದಲ್ಲಿ ಯಾವ ಜಗಲಿಯಲ್ಲಿ ಕೂತರೂ ಆ ಮನೆಯವರೇ ಅನ್ನಿಸುತ್ತದೆ. 2013ರಲ್ಲಿ ಪ್ರೇಕ್ಷಕರಿಂದಲೇ ಹಣ ಕೂಡಿಸಿ ಮಾಡಿದ ‘ಲೂಸಿಯಾ’, ಮರುವರ್ಷದ ‘ಉಳಿದವರು ಕಂಡಂತೆ’ ಇವತ್ತಿನ ಹುಡುಗರಿಗೆ ಕಲ್ಟ್ ಸಿನಿಮಾಗಳು. ಮಾತು ಮಾತಿಗೂ ಅವುಗಳ ಡೈಲಾಗು ಹೊಡೆಯುತ್ತಾರೆ. ಎರಡರಲ್ಲೂ ಅಚ್ಯುತ್ ಇದ್ದಾರೆ, ಒಂದರಲ್ಲಿ ಟಾಕೀಸಿನ ಶಂಕ್ರಣ್ಣ, ಇನ್ನೊಂದರಲ್ಲಿ ಮೀನಿನ ಬಾಲು.

ಇನ್ನು ನಮ್ಮೂರ ಸಾಮಾನ್ಯರಿಗೂ ಕ್ಯಾಮೆರಾ ಹೊಸದಲ್ಲ. ಶಂಕರ್ ನಾಗ್ ಎಂಬತ್ತರ ದಶಕದಲ್ಲಿ ‘ಮಾಲ್ಗುಡಿ ಡೇಸ್’ಗೆ ಆಗುಂಬೆಯನ್ನು ಆರಿಸಿಕೊಂಡಾಗ ಅಂಗಡಿಯವರು, ಶಾಲೆಯ ಮಕ್ಕಳು ಎಲ್ಲ ತೆರೆಯೊಳಗೆ ಹೊಕ್ಕರು. ಹೊಸನಗರ ತಾಲ್ಲೂಕಿನ ಅರಸಾಳು ರೈಲು ನಿಲ್ದಾಣ ಮಾಲ್ಗುಡಿಯಾಯಿತು, ಈಗ ಅದರ ಹಳೆಯ ಕಟ್ಟಡ ಮ್ಯೂಸಿಯಂ. ತೀರ್ಥಹಳ್ಳಿಯ ಮೇಳಿಗೆಯಲ್ಲಿ ಹುಟ್ಟಿದ ಅನಂತಮೂರ್ತಿಯವರ ‘ಸಂಸ್ಕಾರ’ 1970ರಲ್ಲಿ ಸಿನಿಮಾ ಆದಾಗ ಪ್ಲೇಗು ಬಂದ ಅಗ್ರಹಾರದ ಹೆಣವಾದವರು ಶಿವಮೊಗ್ಗ ಸೀಮೆಯ ಲಂಕೇಶ್. ಅಲ್ಲಾಡದೆ ಮಲಗಿದ ನಾರಣಪ್ಪ ಇಡೀ ಊರನ್ನು ಅಲ್ಲಾಡಿಸಿದ. ತೆರೆಯಾಚೆಯೂ ನಮ್ಮ ನೀರು ಸುಮ್ಮನಿರುವುದಿಲ್ಲ. 2025ರ ಜೂನ್‌ನಲ್ಲಿ ಮಾಣಿ ಹಿನ್ನೀರಿನಲ್ಲಿ ‘ಕಾಂತಾರ’ದ ಎರಡನೇ ಚಿತ್ರದ ತಂಡವಿದ್ದ ದೋಣಿ ಮಗುಚಿತು. ಪುಣ್ಯಕ್ಕೆ ಎಲ್ಲರೂ ದಡ ಸೇರಿದರು.

ಇಷ್ಟೆಲ್ಲ ನೋಡಿಕೊಂಡು ಬಂದ ನನಗೂ ಒಂದು ಕಾಲ ಬಂತು. ಗಡ್ಡ ಪೂರ್ತಿ ಬೆಳ್ಳಗಾದ ಮೇಲೆ ಊರಿನ ಹುಡುಗರು ಮನೆಗೆ ಬಂದರು. ‘ಮಾವ, ಒಂದು ಕಿರುಚಿತ್ರ ಮಾಡ್ತಾ ಇದೀವಿ. ಮುಳುಗಡೆ ಕತೆ. ಅಜ್ಜನ ಪಾತ್ರ ನೀವೇ ಮಾಡ್ಬೇಕು.’ ಡೈಲಾಗು ಏನು ಎಂದು ಕೇಳಿದೆ. ನಿಮಗೆ ಗೊತ್ತೇ ಇದೆ. ಗಡ್ಡ ತೆಗೆಯಬೇಡಿ ಎಂದು ಹೇಳಿ ಕಾಫಿ ಕುಡಿದು ಹೋದರು. ಮೊಮ್ಮಕ್ಕಳಿರುವ ನಾನು ಕನ್ನಡಿಯ ಮುಂದೆ ನಿಂತು ‘ನಾ ಬರದಿಲ್ಲ’ ಎಂದು ಅಭ್ಯಾಸ ಮಾಡುವುದನ್ನು ಕೇಳಿ ಇವಳು ಒಳಗಿನಿಂದ, ‘ಎಲ್ಲಿಗೆ? ಪೇಟೆಗಾ? ಸಕ್ಕರೆ ಮುಗ್ದದೆ, ಹೋಗಿ ಬನ್ನಿ’ ಎಂದಳು.

ಚಿತ್ರೀಕರಣ ಹಿನ್ನೀರ ದಂಡೆಯಲ್ಲಿ. ಹೊದೆಯಲು ಗೊರಬು ಬೇಕಿತ್ತು. ಹಿಂದೆ ಪ್ರತಿ ಮನೆಯ ಮೂಲೆಯಲ್ಲಿ ಇರುತ್ತಿದ್ದ ವಸ್ತುವನ್ನು ಯಾವುದೋ ಹೋಂಸ್ಟೇಯ ಗೋಡೆಯಿಂದ ಇಳಿಸಿ ತಂದರು. ಜಿಟಿಜಿಟಿ ಮಳೆ ಬರುತ್ತಲೇ ಇತ್ತು. ಆದರೂ ಹುಡುಗರು ಪಂಪು, ಪೈಪು ಜೋಡಿಸತೊಡಗಿದರು. ‘ಈ ಮಳೆ ಕ್ಯಾಮೆರಾಕ್ಕೆ ಕಾಣಲ್ಲ ಮಾವ.’ ‘ರಶೋಮನ್’ನಲ್ಲಿ ಹೆಬ್ಬಾಗಿಲ ಮುಂದೆ ಸುರಿಯುವ ಮಳೆ ಬೂದು ಆಕಾಶದೆದುರು ಕಾಣುವುದಿಲ್ಲವೆಂದು ಕುರೊಸಾವಾ ನೀರಿಗೆ ಕಪ್ಪು ಶಾಯಿ ಬೆರೆಸಿದ ಕತೆಯನ್ನು ನಾನು ಹೇಳಿದೆ. ಹಾಗಾದರೆ ಶಾಯಿ ತರೋಣವೇ ಎಂದು ಒಬ್ಬ ಬೈಕ್ ಹತ್ತಿಯೇಬಿಟ್ಟಿದ್ದ. ನನ್ನ ಬಿಳಿ ಪಂಚೆಯ ಚಿಂತೆಯಿಂದ ತಡೆದೆ.

ದೊಡ್ಡ ಕಷ್ಟ ಮಳೆಯದಲ್ಲ, ಸೇತುವೆಯದು. 2025ರ ಜುಲೈ 14ರಂದು ಹಿನ್ನೀರಿಗೆ ಅಡ್ಡಲಾಗಿ ಕಟ್ಟಿದ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆಯಾಯಿತು. ಎರಡೂವರೆ ಕಿಲೋಮೀಟರಿಗೆ ಸ್ವಲ್ಪ ಕಡಿಮೆ ಉದ್ದ, ತಂತಿಗಳಲ್ಲಿ ತೂಗುವ ಭರ್ಜರಿ ಸೇತುವೆ. ದಶಕಗಳಿಂದ ಲಾಂಚಿಗೆ ಕಾದು ಸೊರಗಿದ ತುಮರಿ ಸೀಮೆಯ ಜನಕ್ಕೆ ಇದು ಸಣ್ಣ ಮಾತಲ್ಲ. ಹೆರಿಗೆ ನೋವಿನವರನ್ನು ಲಾಂಚಿನ ದಾರಿ ಕಾಯಿಸಿದ ಕಾಲ ಮುಗಿಯಿತು. ಆದರೆ 1964ರ ಅಜ್ಜನನ್ನು ಕೂರಿಸಿ ಕ್ಯಾಮೆರಾ ಎತ್ತ ತಿರುಗಿಸಿದರೂ ಹಿಂದೆ ಸೇತುವೆ. ನನ್ನನ್ನು ಎಬ್ಬಿಸಿ ಎಡಕ್ಕೆ ಕೂರಿಸಿದರು, ಬಲಕ್ಕೆ ಕೂರಿಸಿದರು. ಕಡೆಗೆ ಗೊರಬಿನಿಂದಲೇ ಸೇತುವೆ ಮುಚ್ಚುವ ಹಾಗೆ ತಲೆ ಓರೆ ಮಾಡಿಸಿದರು. ಎಲ್ಲರೂ ಬಿಟ್ಟುಹೋದ ನೆಲಕ್ಕೆ ಅಂಟಿ ಕೂತವನ ಆರ್ತತೆಯೆಂದು ಆ ಚಿತ್ರದಲ್ಲಿ ಕಾಣುವುದು ನಿಜಕ್ಕೂ ಕುತ್ತಿಗೆ ನೋವು.

ನಡುವೆ ಬಿಡುವಿನಲ್ಲಿ ಹುಡುಗರಿಗೆ ನಮ್ಮಜ್ಜ ಲಾರಿ ಹತ್ತಿದ ಕತೆ ಹೇಳಿದೆ. ಆಮೇಲಿನದನ್ನೂ ಹೇಳಿದೆ. ಹೊಸ ಊರಿನಲ್ಲಿ ಅಜ್ಜ ಬಹಳ ಕಾಲ ಬದುಕಿದ. ಹಳೇ ಮನೆಯ ಯಜಮಾನ, ಹೊಸ ಮನೆಯಲ್ಲಿ ಮೂಲೆಯ ಮಂಚದವನಾದ. ತೋಟದ ಲೆಕ್ಕ ಅಪ್ಪಯ್ಯನ ಕೈಗೆ ಹೋಯಿತು. ಅಜ್ಜನ ಪಾಲಿಗೆ ಉಳಿದದ್ದು ದನಕ್ಕೆ ಹುಲ್ಲು ಹಾಕುವುದು, ಮೊಮ್ಮಕ್ಕಳ ಜಗಳ ಬಿಡಿಸುವುದು, ಬಂದವರಿಗೆ ಕವಳದ ತಟ್ಟೆ ಸರಿಸುವುದು. ನನಗೆ ನೆನಪಿರುವ ಅಜ್ಜ ಇವನೇ. ಹಟದ ಅಜ್ಜನನ್ನು ನಾನು ಕಂಡಿಲ್ಲ. ಆ ಹಟ ಒಂದು ದಿನದ್ದು, ಅದಕ್ಕೆ ಮಳೆಯೂ ಹಿನ್ನೆಲೆ ಸಂಗೀತವೂ ಸಿಗುತ್ತದೆ. ಬಂದ ಮೇಲಿನ ಬಾಳಿಗೆ ಅದು ಯಾವುದೂ ಇಲ್ಲ. ಯಾರ ಮೇಲೂ ಮುನಿಯದೆ, ಹಳೇ ಮನೆಯ ಮಾತು ತೆಗೆದು ಯಾರ ಅನ್ನವನ್ನೂ ಕಹಿ ಮಾಡದೆ, ತನಗೆ ಬಿದ್ದ ಸಣ್ಣ ಪಾತ್ರವನ್ನು ಅಷ್ಟು ವರ್ಷ ನಿಭಾಯಿಸಿದ್ದು ಎಲ್ಲಕ್ಕಿಂತ ದೊಡ್ಡ ಅಭಿನಯ. ರಾಷ್ಟ್ರಪ್ರಶಸ್ತಿಯ ಚೋಮನೂ ಅದನ್ನೇ ಅಲ್ಲವೇ ಮಾಡಿದ್ದು? ಪ್ರಳಯದ ಸಿನಿಮಾ ಮಾಡುವವರಿಗೆ ಈ ಭಾಗ ತೋರಿಸುವ ತಾಳ್ಮೆಯಿಲ್ಲ. ಅದಕ್ಕೇ ಅಜ್ಜನನ್ನು ಬೇಗ ಮುಳುಗಿಸಿಬಿಡುತ್ತಾರೆ.

ಹುಡುಗರು ಸುಮ್ಮನೆ ಕೇಳಿದರು. ನಿರ್ದೇಶಕ ಹುಡುಗ ತಲೆ ಕೆರೆದುಕೊಂಡ. ಕತೆ ಬದಲಿಸಿ ಅಜ್ಜ ಲಾರಿ ಹತ್ತುವುದನ್ನೇ ತೆಗೆಯೋಣ, ನಮ್ಮ ಕೊಟ್ಟಿಗೆಯ ದನವನ್ನೇ ತರುತ್ತೇನೆ ಎಂದೆ. ಅವನು ವಿನಯದಿಂದಲೇ ಹೇಳಿದ: ‘ಮಾವ, ದನ ಫ್ರೇಮಿಗೆ ಬಂದ್ರೆ ಜನ ನಿಮ್ಮನ್ನ ನೋಡಲ್ಲ, ದನಾನೇ ನೋಡ್ತಾರೆ.’ ಸಣ್ಣ ಪಾತ್ರದ ಹಿರಿಮೆಯ ಬಗ್ಗೆ ಅಷ್ಟು ಹೊತ್ತು ಉಪನ್ಯಾಸ ಮಾಡಿದ ನಾನು, ನನಗಿಂತ ಸಣ್ಣ ಪಾತ್ರದವಳೊಬ್ಬಳು ಬರುತ್ತಾಳೆಂದು ಗೊತ್ತಾದ ಕೂಡಲೇ ಗೊರಬು ಸರಿಮಾಡಿಕೊಂಡು, ಕತೆ ಮೊದಲಿದ್ದ ಹಾಗೇ ಇರಲಿ ಎಂದೆ.